ಡಿಗ್ರಿ ಮುಗಿಯಿತು, ಮುಂದೇನು? ಒಂದು ವರ್ಷದ ಲೆಕ್ಕ ಹಾಕಿ ನೋಡಿ

ಕೊನೆಯ ಸೆಮಿಸ್ಟರ್‌ನ ಫಲಿತಾಂಶ ಬಂದ ವಾರದಿಂದ ನನ್ನ ಫೋನಿಗೆ ಬರುವ ಕರೆಗಳೆಲ್ಲ ಒಂದೇ ಮಾತಿನಿಂದ ಶುರುವಾಗುತ್ತವೆ: "ಸರ್, ಮುಂದೆ ಏನ್ ಮಾಡ್ಲಿ?" ಬಿಎ ಮುಗಿಸಿದವರು ಕೇಳುತ್ತಾರೆ, ಬಿಕಾಂನವರು ಕೇಳುತ್ತಾರೆ, ತರಗತಿಗೇ ಮೊದಲು ಬಂದವರೂ ಕೇಳುತ್ತಾರೆ. ತಾಲ್ಲೂಕು ಊರಿನ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತ, ಅಲ್ಲಿನ ಉದ್ಯೋಗ ಮಾಹಿತಿ ಕೋಶವನ್ನೂ ನೋಡಿಕೊಳ್ಳುವ ನಾನು ಪ್ರತಿಯೊಬ್ಬರಿಗೂ ಹೇಳುವುದನ್ನು ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ಎಂಜಿನಿಯರಿಂಗ್, ವೈದ್ಯಕೀಯ ಓದಿದವರಿಗೆ ಬೇರೆ ದಾರಿಗಳಿವೆ. ಇದು ಬಿಎ, ಬಿಕಾಂ, ಬಿಎಸ್ಸಿ, ಬಿಬಿಎ ಮುಗಿಸಿ, ಮನೆಯ ಜಗಲಿಯಲ್ಲಿ ಕೂತು ದಿಕ್ಕು ತೋಚದೆ ಮೊಬೈಲ್ ನೋಡುತ್ತಿರುವ ನಿಮಗಾಗಿ.

ಮೊದಲೇ ಒಂದು ಮಾತು. ಇಡೀ ಬದುಕಿನ ದಾರಿಯನ್ನು 21ನೇ ವಯಸ್ಸಿನಲ್ಲಿ ಒಂದೇ ಸಲ ಆರಿಸಿಬಿಡಬೇಕು ಎಂದು ಹೊರಟರೆ ಕೈಕಾಲೇ ಆಡುವುದಿಲ್ಲ. ಒಂದು ವರ್ಷಕ್ಕೆ ಮಾತ್ರ ಆರಿಸಿ. ಆ ವರ್ಷಕ್ಕೆ ಖರ್ಚೆಷ್ಟು, ಕೊನೆಗೆ ಕೈಯಲ್ಲಿ ಏನು ಉಳಿಯಬೇಕು ಎಂದು ಬರೆದಿಡಿ. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಬೇಕಾಗುವುದು ಇಷ್ಟೇ: ಇನ್ನೂರು ಪುಟದ ಒಂದು ನೋಟ್‌ಬುಕ್, ದಾಖಲೆಗಳಿಗೆ ಒಂದು ಫೈಲು, ಮನೆಯವರ ಜೊತೆ ಒಂದು ಸಂಜೆಯ ಮಾತುಕತೆ.

ಹಂತ 1: ಮೊದಲು ಕಾಗದಪತ್ರ

ಕನಸಿನ ಮಾತಿಗೆ ಬಂದವರಿಗೆ ಕಾಗದದ ಮಾತು ಹೇಳಿದರೆ ಬೇಜಾರಾಗುತ್ತದೆ. ಆದರೆ ಪರೀಕ್ಷೆ ಪಾಸಾಗಿ, ಪಟ್ಟಿಯಲ್ಲಿ ಹೆಸರು ಬಂದು, ದಾಖಲೆ ಪರಿಶೀಲನೆಯ ದಿನ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಅತ್ತವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಮೊದಲ ಹದಿನೈದು ದಿನ ಇದಕ್ಕೇ ಕೊಡಿ.

ಹೆಸರಿನಿಂದ ಶುರು ಮಾಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಡಿಗ್ರಿ ಅಂಕಪಟ್ಟಿ, ಆಧಾರ್ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಒಂದರಲ್ಲಿ 'ಮಂಜುನಾಥ ಬಿ', ಇನ್ನೊಂದರಲ್ಲಿ 'ಬಿ ಮಂಜುನಾಥ', ಮೂರನೆಯದರಲ್ಲಿ ಅಪ್ಪನ ಹೆಸರೂ ಅಡ್ಡಹೆಸರೂ ಸೇರಿ ಉದ್ದವಾಗಿರುತ್ತದೆ. ನಮ್ಮ ಕಡೆಯ ಇನಿಷಿಯಲ್ ಪದ್ಧತಿಯಿಂದ ಆಗುವ ತೊಡಕು ಇದು. ಹುಟ್ಟಿದ ದಿನಾಂಕಕ್ಕೂ ಹೆಸರಿಗೂ ನೇಮಕಾತಿಯವರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಆಧಾರವಾಗಿ ಹಿಡಿಯುತ್ತಾರೆ, ಹಾಗಾಗಿ ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಇರುವುದು ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ತಿದ್ದಿಸುವಾಗ ಅವಸರ ಮಾಡದೆ ಅಕ್ಷರ ಅಕ್ಷರ ಓದಿ ಒಪ್ಪಿಗೆ ಕೊಡಿ.

ಆಮೇಲೆ ಪ್ರಮಾಣಪತ್ರಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕುವುದು ನಿಮಗೆ ಗೊತ್ತು. ಹಲವರು ಮರೆಯುವುದು ಉಳಿದ ಮೂರನ್ನು. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಗಳಲ್ಲಿ ಗ್ರಾಮೀಣ ಮೀಸಲಾತಿ ಇದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆಯೇ ಮೀಸಲಾತಿ ಇದೆ. ಇವನ್ನು ಸಮತಲ ಮೀಸಲಾತಿ ಎನ್ನುತ್ತಾರೆ, ಅಂದರೆ ನಿಮ್ಮ ವರ್ಗದ ಒಳಗೇ ಸಿಗುವ ಒಳಪಾಲು. ಇದಕ್ಕೆ ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ ಬೇಕು, ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಪ್ರಾಥಮಿಕ ಶಾಲೆ ಒಂದೂರು, ಹೈಸ್ಕೂಲು ಇನ್ನೊಂದೂರು ಆಗಿದ್ದರೆ ಎರಡೂ ಕಡೆ ಓಡಾಡಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಾದರೆ 371(ಜೆ) ಅರ್ಹತಾ ಪ್ರಮಾಣಪತ್ರವನ್ನು, ಅಂದರೆ ಸಂವಿಧಾನದ ಆ ವಿಧಿಯಡಿ ಈ ಜಿಲ್ಲೆಗಳವರಿಗೆ ಸಿಗುವ ಮೀಸಲಾತಿಯ ಪತ್ರವನ್ನು, ಈಗಲೇ ಮಾಡಿಸಿಡಿ. ಅದನ್ನು ಕೊಡುವುದು ಉಪವಿಭಾಗಾಧಿಕಾರಿ ಕಚೇರಿ.

ಎಚ್ಚರ: ಪ್ರಮಾಣಪತ್ರದ ದಿನಾಂಕ ಅರ್ಜಿಯ ಕೊನೆಯ ದಿನಕ್ಕಿಂತ ಹಿಂದಿನದಿರಬೇಕು ಎಂದು ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. "ಸೆಲೆಕ್ಟ್ ಆದ ಮೇಲೆ ಮಾಡಿಸಿದರಾಯಿತು" ಎಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಇನ್ನೊಂದು ಸಂಗತಿ: ರಾಜ್ಯದ 2ಎ, 3ಬಿ ಪ್ರಮಾಣಪತ್ರ ಕೇಂದ್ರದ ಒಬಿಸಿ ಪ್ರಮಾಣಪತ್ರವಾಗುವುದಿಲ್ಲ. ಬ್ಯಾಂಕ್, ರೈಲ್ವೆ, ಯುಪಿಎಸ್‌ಸಿಗೆ ಬೇರೆ ನಮೂನೆ ಬೇಕು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಹಂತ 2: ಮನೆ ಎಷ್ಟು ತಿಂಗಳು ಕಾಯಬಲ್ಲದು?

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಬೇಕಾದದ್ದು ಒಂದು ಸಂಖ್ಯೆ. ನೀವು ಒಂದು ರೂಪಾಯಿಯನ್ನೂ ತಾರದೆ ಎಷ್ಟು ತಿಂಗಳು ಇದ್ದರೆ ಮನೆ ನಡೆಯುತ್ತದೆ? ಅಪ್ಪ ಅಮ್ಮನ ಹತ್ತಿರ ಕೂತು ಕೇಳಿ. ಸಂಘದ ಸಾಲದ ಕಂತು, ತಂಗಿಯ ಫೀಸು, ಬಾಡಿಗೆ ಎಲ್ಲವನ್ನೂ ಬರೆದುಕೊಳ್ಳಿ. "ನೀನು ಓದು, ನಾವು ನೋಡ್ಕೋತೀವಿ" ಎಂದು ಅಪ್ಪ ಹೇಳುತ್ತಾರೆ. ಅದು ಪ್ರೀತಿಯ ಮಾತು, ಲೆಕ್ಕವನ್ನು ಮಾತ್ರ ನೀವೇ ಹಾಕಬೇಕು. ಆರು ತಿಂಗಳು ಎಂದು ಬಂದರೆ ಎರಡು ವರ್ಷದ ತಯಾರಿ ಕೇಳುವ ಪರೀಕ್ಷೆಗೆ ಪೂರ್ತಿ ಕೂರುವ ಯೋಜನೆ ನಿಲ್ಲುವುದಿಲ್ಲ, ದುಡಿಯುತ್ತಲೇ ಓದುವ ಯೋಜನೆ ಬೇಕು.

ರಾಜ್ಯ ಸರ್ಕಾರದ ಯುವನಿಧಿ ಇಲ್ಲಿ ಸ್ವಲ್ಪ ಆಸರೆ. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ಉನ್ನತ ಶಿಕ್ಷಣಕ್ಕೆ ಸೇರಿದವರಿಗೂ ಅಪ್ರೆಂಟಿಸ್ ವೇತನ ಪಡೆಯುವವರಿಗೂ ಇದು ಸಿಗದು. ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯನ್ನು ಹೇಳಿದ ಅವಧಿಗೆ ಕೊಡುತ್ತಿರಬೇಕು, ಮರೆತರೆ ಹಣ ನಿಲ್ಲುತ್ತದೆ.

ಹಂತ 3: ಎರಡು ದಾರಿ ಆರಿಸಿ, ಎರಡೆರಡು ವಾರ ನಡೆದು ನೋಡಿ

"ನನಗೆ ಯಾವುದರಲ್ಲಿ ಆಸಕ್ತಿ ಅಂತಲೇ ಗೊತ್ತಿಲ್ಲ" ಎನ್ನುವವರೇ ಹೆಚ್ಚು. ಗೊತ್ತಿರುವುದಾದರೂ ಹೇಗೆ? ಹದಿನೈದು ವರ್ಷ ಬೆಂಚಿನ ಮೇಲೆ ಕೂತು ಬರೆದುಕೊಂಡಿದ್ದೀರಿ. ಕೆಲಸ ಹೇಗಿರುತ್ತದೆ ಎಂದು ಯಾರೂ ತೋರಿಸಿಲ್ಲ. ಇದರಲ್ಲಿ ನಿಮ್ಮ ತಪ್ಪಿಲ್ಲ. ಆದರೆ ಮನೆಯಲ್ಲಿ ಕೂತು ಯೋಚಿಸಿದರೆ ಆಸಕ್ತಿ ಗೊತ್ತಾಗುವುದಿಲ್ಲ, ಆ ಕೆಲಸದ ಪಕ್ಕ ಹೋಗಿ ಕೂತರೆ ಗೊತ್ತಾಗುತ್ತದೆ.

ಮನಸ್ಸಿಗೆ ಬಂದ ದಾರಿಗಳನ್ನೆಲ್ಲ ಬರೆಯಿರಿ. ಹಂತ 2ರ ತಿಂಗಳ ಲೆಕ್ಕಕ್ಕೆ ಸರಿಹೊಂದದವನ್ನು ಹೊಡೆದುಹಾಕಿ. ಉಳಿದವುಗಳಲ್ಲಿ ಎರಡನ್ನು ಇಟ್ಟುಕೊಳ್ಳಿ. ಒಂದೊಂದಕ್ಕೂ ಎರಡು ವಾರ.

ಮೇಷ್ಟ್ರಾಗಬೇಕು ಅನಿಸಿದರೆ ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ, ಏಳನೇ ತರಗತಿಗೆ ಒಂದು ಪಾಠ ಮಾಡಿ. ಮೊದಲ ದಿನ ಇಪ್ಪತ್ತು ನಿಮಿಷಕ್ಕೇ ಮಾತು ಮುಗಿದು ಗಂಟಲು ಒಣಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಐದನೇ ದಿನ ಸಂಜೆ, ಹಿಂದಿನ ಬೆಂಚಿನ ಮಗುವಿಗೆ ಭಿನ್ನರಾಶಿ ತಿಳಿಯುವಂತೆ ನಾಳೆ ಹೇಗೆ ಹೇಳಲಿ ಎಂದು ತಲೆ ತಾನಾಗಿ ಓಡುತ್ತಿದೆಯೇ? ಅದನ್ನು ಬರೆದುಕೊಳ್ಳಿ.

ಲೆಕ್ಕಪತ್ರದ ಕೆಲಸವಾದರೆ ಊರಿನ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಎರಡು ವಾರ ಕೂರಲು ಕೇಳಿ, ಸಂಬಳ ಬೇಡ ಎನ್ನಿ. ಹೋಗುವುದಾದರೆ ತಿಂಗಳ 8ರಿಂದ 20ರ ನಡುವೆ ಹೋಗಿ. ಜಿಎಸ್‌ಟಿಯ ಮಾಸಿಕ ಮಾರಾಟ ವಿವರ ಸಲ್ಲಿಸಲು ಕೊನೆಯ ದಿನ 11, ತೆರಿಗೆ ಕಟ್ಟುವ ರಿಟರ್ನ್‌ಗೆ 20. ಕಿರಾಣಿ ಅಂಗಡಿಯವರು ಪ್ಲಾಸ್ಟಿಕ್ ಕವರಿನಲ್ಲಿ ತಂದು ಸುರಿದ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಿಸಿ, ಒಂದು ರೂಪಾಯಿ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಹುಡುಕುವ ಕೆಲಸ ಅದು. ಆ ಒಂದು ರೂಪಾಯಿ ಸಿಕ್ಕಾಗ ಕೆಲವರ ಮುಖ ಅರಳುತ್ತದೆ, ಕೆಲವರಿಗೆ ಸಾಕಪ್ಪಾ ಸಾಕು ಅನಿಸುತ್ತದೆ. ಎರಡೂ ಉಪಯೋಗದ ಉತ್ತರವೇ.

ಸ್ಪರ್ಧಾತ್ಮಕ ಪರೀಕ್ಷೆಯಾದರೆ ಕೋಚಿಂಗ್ ಸೇರುವ ಮೊದಲು ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಂಡು, ಗಡಿಯಾರ ಇಟ್ಟುಕೊಂಡು ಬರೆಯಿರಿ. ಅಂಕ ಎಷ್ಟು ಬಂದರೂ ಪರವಾಗಿಲ್ಲ. ಹದಿನಾಲ್ಕು ದಿನ, ದಿನಕ್ಕೆ ಆರು ಗಂಟೆ, ಫೋನು ಬೇರೆ ಕೋಣೆಯಲ್ಲಿ. ಇಷ್ಟು ಆಗದಿದ್ದರೆ ಎರಡು ವರ್ಷ ಆಗುವುದು ಕಷ್ಟ, ಅದನ್ನು ಈಗಲೇ ತಿಳಿಯುವುದು ಒಳ್ಳೆಯದು.

ಪ್ರತಿ ದಿನ ಮಲಗುವ ಮೊದಲು ಮೂರು ಸಾಲು ಬರೆಯಿರಿ: ಇವತ್ತು ಏನು ಮಾಡಿದೆ, ಯಾವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ, ಯಾವಾಗ ಗಡಿಯಾರ ನೋಡಿದೆ. ಹದಿನಾಲ್ಕು ದಿನದ ಈ ಸಾಲುಗಳು ಯಾವ ಆಸಕ್ತಿ ಪರೀಕ್ಷೆಗಿಂತಲೂ ನೇರವಾಗಿ ನಿಮ್ಮ ಬಗ್ಗೆ ಹೇಳುತ್ತವೆ ಎಂಬುದು ನನ್ನ ಅನುಭವ.

ಹಂತ 4: ಪರೀಕ್ಷೆಗೆ ಕೂರುವವರು ಗಡುವು ಹಾಕಿಕೊಳ್ಳಿ

ಕೋಚಿಂಗ್ ಕೇಂದ್ರಗಳು ತುಂಬಿರುವ ಧಾರವಾಡದ ಸಪ್ತಾಪುರದಲ್ಲಾಗಲಿ ಬೆಂಗಳೂರಿನ ವಿಜಯನಗರದಲ್ಲಾಗಲಿ ಒಮ್ಮೆ ಸುತ್ತಾಡಿ ಬನ್ನಿ. ಬೆಳಗ್ಗೆಯೇ ರೀಡಿಂಗ್ ರೂಮುಗಳು ತುಂಬಿರುತ್ತವೆ. ಅಲ್ಲಿನ ಹುಡುಗ ಹುಡುಗಿಯರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಅದಕ್ಕೇ ಈ ಮಾತನ್ನು ಖಡಕ್ಕಾಗಿ ಹೇಳುತ್ತೇನೆ: ಗಡುವಿಲ್ಲದೆ ಹೋಗಬೇಡಿ.

2024ರ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599 ಮಂದಿ. ಪೂರ್ವಭಾವಿ ಬರೆದವರು 5,83,213. ಕೊನೆಗೆ ಆಯ್ಕೆಯಾದವರು 1,009. ಇನ್ನು ರಾಜ್ಯದ ಮಟ್ಟದಲ್ಲಿ ಶ್ರಮದ ಜೊತೆ ಕಾಲವೂ ಕೈಕೊಡುತ್ತದೆ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಹೊರಬಂದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಏನೂ ತಪ್ಪು ಮಾಡದೆ ಓದಿ ಬರೆದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕಳೆಯಿತು. ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಒಂದೇ ಹುದ್ದೆಯನ್ನು ನಂಬಿ ಕೂರಬೇಡಿ ಎನ್ನುತ್ತಿದ್ದೇನೆ.

ಹಾಗಾಗಿ ಮೂರು ಕೆಲಸ ಮಾಡಿ. ಒಂದು, ಕೊನೆಯ ದಿನಾಂಕವನ್ನು ತಿಂಗಳು, ವರ್ಷ ಸಮೇತ ನೋಟ್‌ಬುಕ್ಕಿನಲ್ಲಿ ಬರೆದು ಮನೆಯವರಿಗೆ ತೋರಿಸಿ. ಎರಡು ವರ್ಷ ಮೀರಿದರೆ ಕೆಲಸ ಮಾಡುತ್ತ ಬರೆಯುವುದು ಎಂದಿರಲಿ. ಎರಡು, ದೊಡ್ಡ ಪರೀಕ್ಷೆಯ ಪಕ್ಕದಲ್ಲೇ ಅದೇ ಓದಿಗೆ ಹತ್ತಿರವಿರುವ ಸಣ್ಣ ಪರೀಕ್ಷೆಗಳನ್ನೂ ಬರೆಯುತ್ತಿರಿ: ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಬ್ಯಾಂಕ್ ಕ್ಲರ್ಕ್. ಗ್ರಾಮೀಣ ಬ್ಯಾಂಕ್‌ಗಳ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಇದು ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿಲ್ಲ. ಮೂರು, ಕೋಚಿಂಗ್ ಫೀಸನ್ನು ಒಂದೇ ಸಲ ಕಟ್ಟಬೇಡಿ. ಒಂದು ವಾರ ಡೆಮೊ ಕ್ಲಾಸು ಕೇಳಿ, ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಹೊರಗಿನ ಚಹಾದ ಅಂಗಡಿಯಲ್ಲಿ ಮಾತಾಡಿಸಿ, ಹಣ ವಾಪಸಿನ ಷರತ್ತನ್ನು ಬರಹದಲ್ಲಿ ಪಡೆಯಿರಿ.

ಎಚ್ಚರ: ಋಣಾತ್ಮಕ ಅಂಕ, ಅಂದರೆ ತಪ್ಪು ಉತ್ತರಕ್ಕೆ ಕಳೆಯುವ ಅಂಕ. ಯುಪಿಎಸ್‌ಸಿ ಪೂರ್ವಭಾವಿಯಲ್ಲಿ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ, ಬ್ಯಾಂಕ್ ಪರೀಕ್ಷೆಗಳಲ್ಲಿ ನಾಲ್ಕನೇ ಒಂದು ಭಾಗ ಹೋಗುತ್ತದೆ. ಊಹೆ ಮಾಡಿ ಗೀಚುವ ಅಭ್ಯಾಸವನ್ನು ಡಿಗ್ರಿಯ ಜೊತೆಗೇ ಬಿಟ್ಟುಬಿಡಿ.

ಹಂತ 5: ಕೆಲಸಕ್ಕೆ ಹೋಗುವವರಿಗೆ

ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಗಂಟನ್ನು ಬಿಡಿಸಲು ಇರುವ ಒಳ್ಳೆಯ ಉಪಾಯ ಅಪ್ರೆಂಟಿಸ್‌ಶಿಪ್, ಅಂದರೆ ಸಂಸ್ಥೆಯೊಂದರಲ್ಲಿ ಸ್ಟೈಪೆಂಡ್ ಪಡೆಯುತ್ತ ಕೆಲಸ ಕಲಿಯುವುದು. ಕೇಂದ್ರದ ನ್ಯಾಟ್ಸ್ (NATS, ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಬಿಎ, ಬಿಕಾಂ, ಬಿಎಸ್ಸಿಯವರೂ ನೋಂದಾಯಿಸಬಹುದು. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಇತ್ತು, ಈಗಿನ ಮೊತ್ತವನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ, ಹಲವು ಸಂಸ್ಥೆಗಳು ಇನ್ನೂ ಹೆಚ್ಚು ಕೊಡುತ್ತವೆ. ಕೆನರಾ ಬ್ಯಾಂಕ್ 2024ರಲ್ಲಿ 3,000 ಪದವೀಧರ ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದಿತ್ತು. ಒಂದು ವರ್ಷದ ಕೊನೆಗೆ ಅಲ್ಲೇ ಕೆಲಸ ಕೊಡಲೇಬೇಕೆಂದಿಲ್ಲ, ಆ ನಿರೀಕ್ಷೆ ಬೇಡ. ಆದರೆ ಹಾಜರಾತಿ, ಇಮೇಲ್, ಮೇಲಧಿಕಾರಿಯ ಮುಂದೆ ಮಾತು ಎಲ್ಲವೂ ರೂಢಿಯಾಗಿ, ಕೈಯಲ್ಲಿ ಸರ್ಕಾರ ಮಾನ್ಯ ಮಾಡಿದ ಪ್ರಮಾಣಪತ್ರ ಇರುತ್ತದೆ. ಈಗಾಗಲೇ ಒಂದು ವರ್ಷ ಎಲ್ಲಾದರೂ ಕೆಲಸ ಮಾಡಿದವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಇದನ್ನು ಮೊದಲೇ ನೋಡಿ.

ಖಾಸಗಿ ಕಂಪನಿಯ ಆಫರ್ ಲೆಟರ್ ಬಂದರೆ ಎರಡು ಪದ ಅರ್ಥ ಮಾಡಿಕೊಳ್ಳಿ. ಸಿಟಿಸಿ ಅಂದರೆ ಕಂಪನಿಗೆ ನಿಮ್ಮಿಂದಾಗುವ ಒಟ್ಟು ಖರ್ಚು, ಕೈಗೆ ಬರುವ ಸಂಬಳವೇ ಬೇರೆ. ವರ್ಷಕ್ಕೆ 2.4 ಲಕ್ಷ ಎಂದಿದ್ದರೆ ತಿಂಗಳಿಗೆ ಇಪ್ಪತ್ತು ಸಾವಿರ ಎಂದು ಲೆಕ್ಕ ಹಾಕಬೇಡಿ. ಭವಿಷ್ಯ ನಿಧಿಯ ಎರಡೂ ಪಾಲು, ಇಎಸ್‌ಐ ಎಂಬ ನೌಕರರ ವಿಮೆ, ಗ್ರಾಚ್ಯುಟಿ ಕಳೆದರೆ ಕೈಗೆ ಹದಿನೈದು ಸಾವಿರದ ಆಸುಪಾಸು ಬರಬಹುದು. ಬೆಂಗಳೂರಿನ ಪಿಜಿ, ಬಸ್ಸು, ಊಟ ಕಳೆದು ಊರಿಗೆ ಎಷ್ಟು ಕಳಿಸಬಹುದು ಎಂದು ಬರೆದು ನೋಡಿ. ಎರಡನೆಯದು ಬಾಂಡ್: ಇಷ್ಟು ಕಾಲ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂಬ ಕರಾರು. ಸಹಿಯ ಮೊದಲು ತಿಳಿದವರಿಗೆ ತೋರಿಸಿ.

ಎಚ್ಚರ: ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕು. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಟ್ರೈನಿಂಗ್ ಚಾರ್ಜ್ ಎಂದು ಯಾರು ನಿಮ್ಮಿಂದಲೇ ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒಪ್ಪಿಸಬೇಡಿ, ಪರಿಶೀಲನೆಗೆ ತೋರಿಸಿ ವಾಪಸು ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಹಣ ಕಳಿಸಿ ಮೋಸ ಹೋದದ್ದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ. ನಾಚಿಕೊಂಡು ಮುಚ್ಚಿಡಬೇಡಿ.

ಹಂತ 6: ಇನ್ನೂ ಓದುವುದಾದರೆ

ಈ ಓದು ಯಾವ ಕೆಲಸದ ಬಾಗಿಲು ತೆರೆಯುತ್ತದೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆಯಲಾದರೆ ಸೇರಿ. "ಸುಮ್ನೆ ಇರೋದಕ್ಕಿಂತ ಎಂಎ ಮಾಡೋಣ" ಎಂಬುದು ಎರಡು ವರ್ಷ ಮುಂದೆ ಇದೇ ಪ್ರಶ್ನೆಯ ಎದುರು ನಿಮ್ಮನ್ನು ತಂದು ನಿಲ್ಲಿಸುತ್ತದೆ.

ಬಿ.ಇಡಿ ಎರಡು ವರ್ಷ. 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕ ಹುದ್ದೆಗೆ ಅದರ ಜೊತೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಬೇಕು. ಟಿಇಟಿ ಪ್ರಮಾಣಪತ್ರ ಈಗ ಜೀವನಪೂರ್ತಿ ಸಿಂಧು. ಕಾನೂನು ಓದಲು ಯಾವ ಪದವಿಯಾದರೂ ಸರಿ, ಮೂರು ವರ್ಷ. ಬಿಕಾಂನಲ್ಲಿ ಶೇ 55 ಇದ್ದರೆ ಸಿಎ ಇಂಟರ್‌ಮೀಡಿಯೇಟ್‌ಗೆ ನೇರ ಪ್ರವೇಶ, ಬೇರೆ ಪದವಿಗೆ ಶೇ 60. ಬಿಎ ಓದಿದವರೂ ಸಿಎ ಮಾಡಬಹುದು ಎಂದರೆ ತರಗತಿಯಲ್ಲಿ ಎಲ್ಲರೂ ತಲೆ ಎತ್ತಿ ನೋಡುತ್ತಾರೆ.

ಹಂತ 7: ಸ್ವಂತ ಕೆಲಸ

ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆಗೊಂದು ಆರ್‌ಸೆಟಿ ಇದೆ, ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ. ಹೈನುಗಾರಿಕೆ, ಮೊಬೈಲ್ ರಿಪೇರಿ, ಹೊಲಿಗೆ, ಸಿಸಿಟಿವಿ ಅಳವಡಿಕೆ ಮುಂತಾದವುಗಳಲ್ಲಿ ಕೆಲವು ದಿನದಿಂದ ಕೆಲವು ವಾರಗಳ ತರಬೇತಿ, ಊಟ ವಸತಿ ಉಚಿತ. ಡಿಗ್ರಿ ಓದಿ ಹಸು ಕಟ್ಟೋದಾ ಎಂದು ಊರವರು ಅಂದಾರು. ಹಾಲಿನ ಡೈರಿಯ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬೀಳುವ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಮಾತನ್ನು ಬಿಟ್ಟುಬಿಡಿ.

ಸಾಲ ಮಾತ್ರ ಕೊನೆಗೆ. ಮೊದಲು ತರಬೇತಿ, ಆಮೇಲೆ ಅದೇ ಕೆಲಸ ಮಾಡುವವರ ಬಳಿ ಮೂರು ತಿಂಗಳು ದುಡಿಮೆ, ಆಮೇಲೆ ಮುದ್ರಾ ಅಥವಾ ಪಿಎಂಇಜಿಪಿಯಂಥ ಕೇಂದ್ರದ ಸಾಲ ಯೋಜನೆ. ಸಬ್ಸಿಡಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಘಟಕ ಹಾಕಿದವರು ಕೈ ಸುಟ್ಟುಕೊಂಡಿದ್ದಾರೆ.

ಹಂತ 8: ಮನೆಯಲ್ಲಿ ಮಾತಾಡುವುದು

ಇದನ್ನು ವಿಶೇಷವಾಗಿ ಹೆಣ್ಣುಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಫಲಿತಾಂಶದ ಹಿಂದೆಯೇ ಗಂಡು ನೋಡುವ ಮಾತು ಬರುತ್ತದೆ. ಆಗ "ನನಗೆ ಓದಬೇಕು" ಎಂಬ ಬರೀ ಮಾತು ಸೋಲುತ್ತದೆ. ದಿನಾಂಕ, ಖರ್ಚು, ಪರೀಕ್ಷೆಯ ಹೆಸರು, ಉಳಿಯುವ ಜಾಗ ಬರೆದಿರುವ ಒಂದು ಪುಟವನ್ನು ಅಪ್ಪನ ಕೈಗೆ ಕೊಡಿ. ಮನೆಯಲ್ಲಿ ನಿಮ್ಮ ಪರ ಮಾತಾಡುವ ಒಬ್ಬರನ್ನು, ಸೋದರಮಾವನೋ ಚಿಕ್ಕಮ್ಮನೋ ಹಳೆಯ ಟೀಚರೋ, ಮೊದಲೇ ಒಪ್ಪಿಸಿ ಜೊತೆಗೆ ಕೂರಿಸಿಕೊಳ್ಳಿ. "ಒಂದು ವರ್ಷ ಕೊಡಿ" ಎಂಬ ಬೇಡಿಕೆಗೆ ಒಪ್ಪಿದ ಅಪ್ಪಂದಿರನ್ನು ನಾನು ಬಹಳ ನೋಡಿದ್ದೇನೆ. ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ಖರ್ಚಿಲ್ಲ, ಸಂದರ್ಶನಕ್ಕೂ ಪರೀಕ್ಷೆಗೂ ಹೋಗಿಬರುವ ಲೆಕ್ಕದಲ್ಲಿ ಅದನ್ನೂ ಬರೆಯಿರಿ.

ಮೂರು ತಿಂಗಳಿಗೊಮ್ಮೆ ಆ ಪುಟ ತೆಗೆದು ನೋಡಿ. ಅಂದುಕೊಂಡದ್ದು ಆಗುತ್ತಿಲ್ಲ ಎಂದರೆ ದಾರಿ ಬದಲಿಸಿ, ಹಂತ 3ರಲ್ಲಿ ಎರಡನೆಯದಾಗಿ ಇಟ್ಟುಕೊಂಡದ್ದು ಇದ್ದೇ ಇದೆ. ನಡುವೆ ಗೆಳೆಯರ ಕೆಲಸದ ಸುದ್ದಿ, ನೆಂಟರ ಪ್ರಶ್ನೆ ಎಲ್ಲ ಸೇರಿ ನಿದ್ದೆ ಕೆಡುತ್ತಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಅವತ್ತೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂಬದಿಯ ರಟ್ಟಿನ ಮೇಲೆ ಈಗಲೇ ಬರೆದುಕೊಳ್ಳಿ.